ಹಿಟ್ಟಿನ ಡಬ್ಬಿಯಲ್ಲಿ ಇದ್ದದ್ದು

ಮೂರನೇ ಮಹಡಿಯ ಮನೆಯಿಂದ
ಭಾನುವಾರ, ತಾರೀಖು ಹದಿನಾಲ್ಕು, ಮಧ್ಯಾಹ್ನ ಎರಡೂವರೆ

ಅಮ್ಮಾ,

ನಿನ್ನ ಮಂಡಿ ಹೇಗಿದೆ? ಅಣ್ಣನ ಮನೆಯಲ್ಲಿ ಮೆಟ್ಟಿಲು ಜಾಸ್ತಿ. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು, ನೆನಪಿದೆ ತಾನೆ? ನೋಡು, ಕಾಗದ ಶುರುವಾಗುತ್ತಲೇ ‘ನೆನಪಿದೆ ತಾನೆ’ ಎಂದು ಬರೆದುಬಿಟ್ಟೆ. ಹೊಡೆದುಹಾಕೋಣ ಎಂದುಕೊಂಡೆ. ಆದರೆ ಹೊಡೆದುಹಾಕಿದ್ದನ್ನು ಬೆಳಕಿಗೆ ಹಿಡಿದು ಓದುವವಳು ನೀನು. ಆರನೇ ಕ್ಲಾಸಿನಲ್ಲಿ ನಾನು ತಿದ್ದಿದ ಅಂಕಪಟ್ಟಿಯನ್ನು ನೀನು ಹಾಗೆಯೇ ಕಿಟಕಿಗೆ ಹಿಡಿದು ಓದಿದ್ದೆ. ಆದ್ದರಿಂದ ಇರಲಿ. ಕಣ್ಣಿಗೆ ಔಷಧಿ ಹಾಕಿಕೊಳ್ಳುತ್ತಿದ್ದೀಯಾ? ಊಟ ಸೇರುತ್ತಿದೆಯಾ? ಅತ್ತಿಗೆ ಹೇಳುವ ಪ್ರಕಾರ ನೀನು ತಟ್ಟೆಯ ಮುಂದೆ ಕೂತು ಮೊದಲು ಪ್ರತಿಯೊಂದನ್ನೂ ನಾಲಿಗೆಯ ತುದಿಗೆ ಇಟ್ಟು ನೋಡುತ್ತೀಯಂತೆ. ಅದನ್ನು ಕೇಳಿದ ಮೇಲೆ ನನಗೂ ಊಟ ಸೇರುತ್ತಿಲ್ಲ, ಅದು ಸರಿಯಾಗಿಯೇ ಇದೆ.

ಕಾಗದ ಯಾಕೆ ಎಂದು ಕೇಳಬಹುದು. ಮೂರು ಸಲ ಫೋನ್ ಮಾಡಿದೆನಲ್ಲ. ಮೊದಲನೇ ಸಲ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡು ಕೂತಿದ್ದೆ, ನಿನ್ನ ದನಿ ಕೇಳಿದ ಕೂಡಲೇ ಮಂಡಿನೋವಿನ ಎಣ್ಣೆಯ ವಿಷಯ ಮಾತಾಡಿದೆ. ಎರಡನೇ ಸಲ ಮಗುವಿನ ಫ್ರಾಕಿನ ಹೊಲಿಗೆ ಬಿಟ್ಟಿದೆ, ಯಾವ ದಾರ ಹಾಕಲಿ ಎಂದೆ. ನೀನು “ಯಾರಾದ್ರೂ ತಿಳಿದೋರನ್ನ ಕೇಳು” ಅಂದೆ. ಇಪ್ಪತ್ತೆಂಟು ವರ್ಷ ಇಡೀ ಬೀದಿಯ ಸ್ಕೂಲ್ ಯೂನಿಫಾರಂ ಹೊಲಿದವಳು ನನಗೆ ಹೇಳಿದ ಮಾತು ಅದು. ಮೂರನೇ ಸಲ ಫೋನ್ ಎತ್ತಿದ್ದು ಅತ್ತಿಗೆ. ಇನ್ನು ಫೋನಿನಲ್ಲಿ ಹೇಳಿದರೂ ಪ್ರಯೋಜನವಿಲ್ಲ ಎಂದು ಈಗ ಅನ್ನಿಸುತ್ತಿದೆ. ಫೋನ್ ಇಟ್ಟ ಮೇಲೆ ನೀನು ‘ನಾನೇ ತಪ್ಪು ಕೇಳಿಸಿಕೊಂಡೆನೇನೋ’ ಎಂದುಕೊಳ್ಳುತ್ತೀ. ಕಾಗದವಾದರೆ ಹತ್ತು ಸಲ ಓದಬಹುದು, ಬೇರೆಯವರಿಗೂ ತೋರಿಸಬಹುದು. ದಯವಿಟ್ಟು ತೋರಿಸು.

ನಿನ್ನ ಗುಂಡಿ ಚೆನ್ನಾಗಿದ್ದಾಳೆ. ಅವಳ ಮೂಗು ಶರಟಿನ ಗುಂಡಿಯ ಹಾಗಿದೆ ಎಂದು ನೀನಿಟ್ಟ ಹೆಸರೇ ನಿಂತುಬಿಟ್ಟಿದೆ. ಕ್ಲಿನಿಕ್ಕಿನ ನರ್ಸ್ ಕೂಡ ಹಾಗೇ ಕರೆಯುತ್ತಾಳೆ. ಮೇಲಿನ ಎರಡು ಹಲ್ಲು ಬಂದಿವೆ. ಕುರ್ಚಿಯ ಕಾಲು ಹಿಡಿದು ಎದ್ದು ನಿಲ್ಲುತ್ತಾಳೆ, ಕೂರುವುದು ಹೇಗೆಂದು ಗೊತ್ತಾಗದೆ ಅಳುತ್ತಾಳೆ. ನೀನು ಕೂರುತ್ತಿದ್ದ ಕಿಟಕಿಯ ಪಕ್ಕದ ಜಾಗಕ್ಕೆ ತೆವಳಿ ಹೋಗಿ ನೆಲವನ್ನು ಎರಡು ಸಲ ತಟ್ಟಿ ನನ್ನ ಮುಖ ನೋಡುತ್ತಾಳೆ. ಈಗ ತೊಟ್ಟಿಲಲ್ಲಿ ಮಲಗಿದ್ದಾಳೆ, ನನ್ನ ಎಡಗಾಲಿನ ಹೆಬ್ಬೆರಳು ತೊಟ್ಟಿಲಿನ ಕಂಬಿಗೆ ಸಿಕ್ಕಿಕೊಂಡಿದೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೆ ತೂಗುವುದೂ ಒಂದು ಕಾರಣ. ನಿದ್ದೆಯಿಲ್ಲದೆ ತಲೆ ಕೆಟ್ಟಿತ್ತು, ಅದಕ್ಕೇ ಹೀಗಾಯಿತು ಎಂದು ಒಂದು ವಾಕ್ಯ ಬರೆದಿದ್ದೆ, ಅದನ್ನು ಮಾತ್ರ ಕತ್ತರಿಯಿಂದ ಕತ್ತರಿಸಿ ತೆಗೆದಿದ್ದೇನೆ. ಹಾಳೆ ಇಲ್ಲಿ ಗಿಡ್ಡ ಆಗಿರುವುದು ಅದಕ್ಕೇ. ನಿದ್ದೆಯಿಲ್ಲದ ತಾಯಂದಿರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಎಲ್ಲರೂ ನನ್ನ ಹಾಗೆ ಮಾಡುವುದಿಲ್ಲ.

ಅಮ್ಮಾ, ನನಗೆ ಬೆನ್ನುನೋವು ಇರಲಿಲ್ಲ.

ಶನಿವಾರ ಶನಿವಾರ ಮೂರರಿಂದ ಐದರವರೆಗೆ ಬೆನ್ನಿನ ವ್ಯಾಯಾಮಕ್ಕೆ ಎಂದು ಹೋಗುತ್ತಿದ್ದೆನಲ್ಲ, ನಿನ್ನ ಮಡಿಲಲ್ಲಿ ಅಳುವ ಮಗುವನ್ನು ಹಾಕಿ, ಅದು ಸುಳ್ಳು. ಗುಂಡಿಗೆ ಆರು ತಿಂಗಳಿನ ಚುಚ್ಚುಮದ್ದು ಹಾಕಿಸಲು ಹೋದಾಗ ಕ್ಲಿನಿಕ್ಕಿನ ಗೋಡೆಯ ಮೇಲೆ ಕೈಬರಹದ ಒಂದು ಚೀಟಿ ಅಂಟಿಸಿದ್ದರು. ‘ಮಣ್ಣಿನ ಪಾತ್ರೆ ಮಾಡಲು ಕಲಿಯಿರಿ. ಚಕ್ರ ಬೇಡ, ದೊಡ್ಡ ಖರ್ಚು ಬೇಡ, ಕೈ ಇದ್ದರೆ ಸಾಕು’ ಎಂದು. ಮಗು ಕಿರುಚುತ್ತಿತ್ತು, ನನ್ನ ಭುಜ ಜೋತುಬಿದ್ದಿತ್ತು, ‘ಕೈ ಇದ್ದರೆ ಸಾಕು’ ಎಂಬುದನ್ನು ನಾಲ್ಕು ಸಲ ಓದಿದೆ. ನನ್ನ ಕೈಗಳು ಆಗ ನನ್ನವಾಗಿರಲಿಲ್ಲ. ಒಂದು ಮಗುವಿನ ಕುತ್ತಿಗೆಯ ಕೆಳಗೆ, ಇನ್ನೊಂದು ಬಾಟಲಿಯ ಮೇಲೆ. ಮನೆಗೆ ಬಂದು ನಿನಗೆ ಹೇಳಬಹುದಿತ್ತು. ಅಮ್ಮಾ, ವಾರಕ್ಕೆ ಎರಡು ಗಂಟೆ ಮಗುವಿನಿಂದ ದೂರ ಇರಬೇಕು ಅನಿಸುತ್ತೆ, ಮಣ್ಣು ಆಡಬೇಕು ಅನಿಸುತ್ತೆ ಎಂದು. ಹೇಳಲಿಲ್ಲ. ನೋವು ಎಂದರೆ ಎಲ್ಲರೂ ದಾರಿ ಬಿಡುತ್ತಾರೆ, ಖುಷಿ ಎಂದರೆ ಲೆಕ್ಕ ಕೇಳುತ್ತಾರೆ ಎಂದುಕೊಂಡೆ. ನೀನು ಕೇಳುತ್ತಿದ್ದೆಯೋ ಇಲ್ಲವೋ, ಪರೀಕ್ಷಿಸಿಯೂ ನೋಡಲಿಲ್ಲ. ನೀನೋ ಬೆನ್ನುನೋವು ಎಂದ ಕೂಡಲೇ ನಿನ್ನ ಹೊಲಿಗೆಯ ದುಡ್ಡು ತೆಗೆದುಕೊಟ್ಟೆ. ನಿನ್ನ ಮಂಡಿಗೆ ಕಟ್ಟುವ ಪಟ್ಟಿ ಕೊಳ್ಳಲು ಇಟ್ಟಿದ್ದು ಅದು.

ಕಲಿಸುತ್ತಿದ್ದವರು ಒಬ್ಬ ರಿಟೈರಾದ ಯಜಮಾನರು. ಕೈ ತೊಳೆಯುವ ಸಿಂಕು ಮಾಡುವ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ದುಡಿದವರು, ಆದ್ದರಿಂದ ಸಿಂಕು ಮೇಷ್ಟ್ರು ಎಂದೇ ಹೆಸರು. ಅವರ ಮನೆಯ ಕಾರ್ ಶೆಡ್ಡೇ ಶಾಲೆ. ಕಾರು ಯಾವತ್ತೂ ಇರಲಿಲ್ಲವಂತೆ. “ಮೂವತ್ತೊಂದು ವರ್ಷ ಜನ ಕೈ ತೊಳೆಯೋಕೆ ನುಣ್ಣಗೆ ಸಿಂಕು ಮಾಡ್ದೆ, ಒಬ್ಬರೂ ಚೆನ್ನಾಗಿದೆ ಅನ್ಲಿಲ್ಲ. ಈಗ ಸೊಟ್ಟ ಲೋಟ ಮಾಡ್ತೀನಿ, ಎಲ್ರೂ ಆಹಾ ಅಂತಾರೆ” ಎನ್ನುತ್ತಿದ್ದರು. ಹೊಸ ಮಣ್ಣು ಕೊಳ್ಳಲು ಯಾರಿಗೂ ಬಿಡುತ್ತಿರಲಿಲ್ಲ. ಒಡೆದದ್ದು, ಒಣಗಿದ್ದು, ಕತ್ತರಿಸಿ ಉಳಿದದ್ದು ಎಲ್ಲವನ್ನೂ ಒಂದು ಬಕೆಟ್ಟಿನಲ್ಲಿ ನೆನೆಹಾಕಿ, ಹಳೆಯ ದಿಂಬಿನ ಚೀಲದಲ್ಲಿ ಸುರಿದು ಕಂಬಿಗೆ ನೇತುಹಾಕಿ, ನೀರು ಬಸಿದ ಮೇಲೆ ಅದನ್ನೇ ನಾದಿ ಮತ್ತೆ ಬಳಸುವುದು. ಹಸಿ ಪಾತ್ರೆಗಳನ್ನು ತಿಂಗಳಿಗೊಮ್ಮೆ ಹೆಂಚಿನ ಕಾರ್ಖಾನೆಯಲ್ಲಿ ಅವರ ಹಳೆಯ ಗೆಳೆಯರೊಬ್ಬರು ಭಟ್ಟಿಯ ಒಂದು ಮೂಲೆಯಲ್ಲಿಟ್ಟು ಸುಟ್ಟುಕೊಡುತ್ತಿದ್ದರು. ಉಪಕರಣವೆಂದರೆ ಹಲ್ಲು ಮುರಿದ ಬಾಚಣಿಗೆ, ಸೊಟ್ಟಗಾದ ಚಮಚ, ಅವಧಿ ಮುಗಿದ ನನ್ನ ಕಾಲೇಜಿನ ಗುರುತಿನ ಚೀಟಿ. ಅದರ ಅಂಚಿನಿಂದ ಬಟ್ಟಲಿನ ಹೊಟ್ಟೆ ಸವರಿದರೆ ಎಷ್ಟು ನುಣ್ಣಗಾಗುತ್ತದೆ ಗೊತ್ತಾ? ಓದಿದ್ದು ಕೊನೆಗೂ ಒಂದು ಉಪಯೋಗಕ್ಕೆ ಬಂತು ಎಂದು ನಗು ಬಂತು. ನಿನಗೆ ಹೇಳಿದ್ದರೆ ನೀನೂ ನಗುತ್ತಿದ್ದೆ.

ಮೊದಲ ದಿನ ಅಂಗೈಯಲ್ಲಿ ಹಿಡಿಸುವಷ್ಟು ಮಣ್ಣಿನ ಉಂಡೆ ಕೊಟ್ಟು, ನಡುವೆ ಹೆಬ್ಬೆರಳು ಒತ್ತಿ, ತಿರುಗಿಸುತ್ತಾ ಒತ್ತುತ್ತಾ ಹೋಗಿ ಎಂದರು. ಅಷ್ಟೇ. ಒತ್ತಿದ ಕೂಡಲೇ ನನಗೆ ನಿನ್ನ ಹೊಲಿಗೆ ಮೇಜಿನ ಕೆಳಗಿನ ನೆಲ ನೆನಪಾಯಿತು. ನಾನು ಅತ್ತರೆ ನೀನು ಮಿಷಿನ್ನು ನಿಲ್ಲಿಸದೆಯೇ ನಾದಿದ ಹಿಟ್ಟಿನ ಒಂದು ಉಂಡೆ ಕೈಗೆ ಕೊಡುತ್ತಿದ್ದೆಯಲ್ಲ. ನಾನು ಅದರಲ್ಲಿ ನಿನ್ನ ಗುಂಡಿಗಳಿಗೆಲ್ಲ ಕುರ್ಚಿ, ಮಂಚ ಮಾಡಿ ಮಲಗಿಸುತ್ತಿದ್ದೆ. ಎರಡು ಗಂಟೆ ಹೋದದ್ದೇ ಗೊತ್ತಾಗಲಿಲ್ಲ. ಮಗುವಿನ ನೆನಪೇ ಬಂದಿರಲಿಲ್ಲ ಎಂಬುದು ಬಸ್ಸಿನಲ್ಲಿ ಹೊಳೆಯಿತು. ಮನೆಗೆ ಓಡಿಬಂದೆ. ನೀನು ಮಗುವನ್ನು ಹೆಗಲಿಗೆ ಹಾಕಿಕೊಂಡು ಕುಂಟುತ್ತಾ ತಿರುಗುತ್ತಿದ್ದೆ. “ಬೆನ್ನು ಹಗುರ ಆಯ್ತಾ?” ಎಂದೆ. ನಾನು ಆಯ್ತು ಎಂದೆ. ಅದೊಂದು ನಿಜ.

ಸುಳ್ಳು ಒಂದೇ ಇದ್ದಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಆದರೆ ಮನೆಯಲ್ಲೂ ಮಾಡುವ ಚಪಲ ಹತ್ತಿತು. ಮೇಷ್ಟ್ರು ಒಂದು ಮುದ್ದೆ ಮಣ್ಣು ಕೊಟ್ಟು, ಒದ್ದೆ ಬಟ್ಟೆ ಸುತ್ತಿ ಗಾಳಿಯಾಡದ ಡಬ್ಬಿಯಲ್ಲಿ ತಂಪಾದ ಕಡೆ ಇಡಿ, ಒಣಗಿದರೆ ಕೆಟ್ಟಿತು ಎಂದರು. ಸಿಂಕಿನ ಮಣ್ಣು ಅದು, ಅಮ್ಮಾ, ಬೆಳ್ಳಗೆ ಇರುತ್ತದೆ. ಈ ಎರಡು ಕೋಣೆಯ ಮನೆಯಲ್ಲಿ ಗಾಳಿಯಾಡದ ಡಬ್ಬಿ ಇರುವುದು ಒಂದೇ, ತಂಪಾದ ಕಡೆ ಇರುವುದು ಒಂದೇ. ಫ್ರಿಜ್ಜಿನ ಕೆಳಗಿನ ಖಾನೆಯ ಹಿಟ್ಟಿನ ಡಬ್ಬಿ. ಇವರು ಅದನ್ನು ಮುಟ್ಟುವುದಿಲ್ಲ. ನೀನು ಶನಿವಾರ ಹಿಟ್ಟು ನಾದುತ್ತಿರಲಿಲ್ಲ. ಅದಕ್ಕೇ ಶನಿವಾರ ತಂದದ್ದನ್ನು ಅಲ್ಲಿಟ್ಟು, ಭಾನುವಾರ ನೀವೆಲ್ಲರೂ ಮಧ್ಯಾಹ್ನ ಮಲಗಿದಾಗ ಬಚ್ಚಲಲ್ಲಿ ಕೂತು ಬಟ್ಟಲು ಮಾಡಿ, ಉಳಿದದ್ದನ್ನು ಚೀಲಕ್ಕೆ ಹಾಕಿ, ಡಬ್ಬಿ ತೊಳೆದಿಡುತ್ತಿದ್ದೆ. ಎಂಟು ವಾರ ಹೀಗೆ ನಡೆಯಿತು. ನೀನು ಒಮ್ಮೆ ನನ್ನ ಕೈ ಹಿಡಿದು, “ಇದ್ಯಾವ ವ್ಯಾಯಾಮನೇ, ಉಗುರಲ್ಲಿ ಮಣ್ಣು ಬರೋ ಅಂಥದ್ದು?” ಎಂದೆ. ಗೋಡೆ ಹಿಡಿದು ಮಾಡೋ ವ್ಯಾಯಾಮ, ಸುಣ್ಣ ಮೆತ್ಕೊಳ್ಳುತ್ತೆ ಎಂದೆ ನಾನು. “ಗೋಡೆಗೆ ಪಾಪ, ಅದಕ್ಕೂ ಬೆನ್ನುನೋವು ಬಂದಿರಬೇಕು” ಎಂದು ನೀನು ನಕ್ಕೆ. ಉಗುರಿನ ಸಂದಿಯ ಮಣ್ಣು ಕಂಡ ಕಣ್ಣು ನಿನ್ನದು. ಇದನ್ನು ಗಟ್ಟಿಯಾಗಿ ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಆ ಶನಿವಾರ ಏನಾಯಿತೆಂದು ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ನಿನಗೆ ಗೊತ್ತಿಲ್ಲದ್ದು ಅದರ ನಡುವೆ ಇದೆ. ಹಿಂದಿನ ವಾರ ಮಣ್ಣು ಜಾಸ್ತಿ ಉಳಿದಿತ್ತು, ಚೀಲದಲ್ಲಿ ಒಣಗುತ್ತದೆಂದು ಶುಕ್ರವಾರವೇ ನಾದಿ, ದುಂಡಗೆ ಮಾಡಿ, ಒದ್ದೆ ಬಟ್ಟೆ ಮುಚ್ಚಿ ಡಬ್ಬಿಯಲ್ಲಿಟ್ಟು, ಮಾರನೇ ದಿನ ನಾನು ಕ್ಲಾಸಿಗೆ ಹೋದೆ. ಮಗು ಹಲ್ಲಿನ ನೋವಿಗೆ ಅಳುತ್ತಿತ್ತು. ನೀನು ಯಾವಾಗಲೂ ಮಾಡುವುದನ್ನೇ ಮಾಡಿದೆ, ನನಗೆ ಮಾಡಿದ್ದನ್ನೇ. ನಾನು ನಾದಿಟ್ಟ ಹಿಟ್ಟು ಎಂದುಕೊಂಡು ಡಬ್ಬಿಯಿಂದ ಒಂದು ಉಂಡೆ ಕಿತ್ತು ಅವಳ ಕೈಗೆ ಕೊಟ್ಟೆ. ಹಿಟ್ಟಿನ ಡಬ್ಬಿಯಲ್ಲಿ, ಹಿಟ್ಟಿನ ಹಾಗೇ ನಾದಿ, ಹಿಟ್ಟಿನ ಬಟ್ಟೆ ಮುಚ್ಚಿ, ಹಿಟ್ಟಿನ ಬಣ್ಣದ್ದೇ ಒಂದು ಮುದ್ದೆ ಇದ್ದರೆ ಅದನ್ನು ಹಿಟ್ಟಲ್ಲ ಎಂದುಕೊಳ್ಳುವವರು ಯಾರು? ಅವಳು ಬಾಯಿಗೆ ಹಾಕಿಕೊಂಡಳು, ವಾಂತಿ ಮಾಡಿದಳು, ನೀನು ಬರಿಗಾಲಲ್ಲಿ ಮೂರು ಮಹಡಿ ಇಳಿದು ಬೀದಿಯಲ್ಲಿ ಆಟೋ ನಿಲ್ಲಿಸಿದೆ. ಯಾವ ಕಾಲು ಮೊದಲು ಇಟ್ಟೆಯೋ ದೇವರಿಗೇ ಗೊತ್ತು.

ನಾನು ಕ್ಲಿನಿಕ್ಕಿಗೆ ಬಂದಾಗ ಅವಳ ತುಟಿಯ ಮೇಲಿನ ಬಿಳಿ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಡಾಕ್ಟರನ್ನು ಬಾಗಿಲ ಆಚೆ ಕರೆದು ಕಿವಿಯಲ್ಲಿ ಹೇಳಿದೆ, ಪಾತ್ರೆ ಮಾಡುವ ಮಣ್ಣು, ಬಣ್ಣವಿಲ್ಲ, ಮೆರುಗು ಹಚ್ಚಿಲ್ಲ ಎಂದು. ಹೊಟ್ಟೆಗೆ ಹೋದದ್ದು ಸ್ವಲ್ಪ, ಹೆದರಬೇಡಿ, ಒಂದು ದಿನ ಗಮನಿಸಿ ಎಂದರು. ಹಾಗೇ ಆಯಿತು, ಮಾರನೆಯ ದಿನ ಅವಳು ಏನೂ ಆಗದವಳ ಹಾಗೆ ಆಡಿದಳು. ಮಗುವಿಗಾಗಿ ಬಾಗಿಲ ಆಚೆ ನಿಜ ಹೇಳಿದೆ, ಅಮ್ಮಾ. ನಿನಗಾಗಿ ಬಾಗಿಲ ಈಚೆ ಹೇಳಲಿಲ್ಲ.

ಇವರು ಲಿಫ್ಟ್ ರಿಪೇರಿ ಅರ್ಧಕ್ಕೆ ಬಿಟ್ಟು ಎಣ್ಣೆ ಕೈಯಲ್ಲೇ ಓಡಿಬಂದಿದ್ದರು. ಅಣ್ಣನಿಗೂ ಫೋನ್ ಹೋಗಿ ಅವನೂ ಹೊರಟಿದ್ದ. ನೀವಿಬ್ಬರೂ ಮಗುವಿನ ಜೊತೆ ಔಷಧಿ ಅಂಗಡಿಯ ಮುಂದೆ ನಿಂತಿರುವಾಗ, ಮಗುವಿಗೆ ಬಟ್ಟೆ ತರುತ್ತೇನೆಂದು ಹೇಳಿ ನಾನು ಮೊದಲು ಮನೆಗೆ ಬಂದೆ. ಬಟ್ಟೆಗಾಗಿ ಅಲ್ಲ. ಮಣ್ಣನ್ನೆಲ್ಲ ಬಚ್ಚಲ ತೂಬಿಗೆ ತುರುಕಿ ನೀರು ಬಿಟ್ಟೆ. ಡಬ್ಬಿ ತೊಳೆದು ಒರೆಸಿ, ಹಿಟ್ಟು ಕಲಸಿ, ದುಂಡಗೆ ಮಾಡಿ, ಅದೇ ಬಟ್ಟೆ ಹಿಂಡಿ ಮುಚ್ಚಿಟ್ಟೆ. ಹತ್ತು ನಿಮಿಷವೂ ಆಗಲಿಲ್ಲ. ಅಷ್ಟು ಚುರುಕಾಗಿ ನಾನು ಮದುವೆಯಾದ ಮೇಲೆ ಯಾವ ಕೆಲಸವನ್ನೂ ಮಾಡಿಲ್ಲ.

ಎಲ್ಲರೂ ಬಂದರು. ಮಗುವಿಗೆ ಏನು ಕೊಟ್ಟಿರಿ ಎಂದು ಇವರು ಕೇಳಿದರು. ಡಬ್ಬೀಲಿದ್ದ ಹಿಟ್ಟಪ್ಪಾ, ಅದೇನೋ ಕೆಟ್ಟುಹೋಗಿತ್ತು ಅನ್ಸುತ್ತೆ, ನೋಡು ಬಾ ಎಂದು ನೀನು ಫ್ರಿಜ್ಜು ತೆಗೆದೆ. ಬಟ್ಟೆ ಎತ್ತಿದೆ. ಒಂದು ಚೂರು ಕಿತ್ತೆ. ಬೆರಳಲ್ಲಿ ಹೊಸಕಿದೆ, ಮೂಸಿದೆ, ಕೊನೆಗೆ ನಾಲಿಗೆಗೆ ಇಟ್ಟೆ. ಹಿಟ್ಟು. ಒಳ್ಳೆಯ ಹಿಟ್ಟು. ನೀನು ನನ್ನ ಕಡೆ ತಿರುಗಿದೆ. ನನ್ನ ಮೇಲೆ ಅನುಮಾನ ಇತ್ತು ಎಂದಲ್ಲ. ಅನುಮಾನ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ದಾರಿ ತಪ್ಪಿದವರು ಬಸ್ ಸ್ಟಾಪಿನಲ್ಲಿ ಪಕ್ಕದವರನ್ನು ಕೇಳುವ ಹಾಗೆ ಕೇಳಿದೆ, “ಇದರಲ್ಲೇ ಇತ್ತು, ಅಲ್ವೇನೇ?” ನಾನು ಹೇಳಿದೆ, “ಇಲ್ಲಮ್ಮ. ಹಿಟ್ಟು ಸರಿಯಾಗೇ ಇದೆ. ನೀನು ಬೇರೆ ಏನೋ ಕೊಟ್ಟಿರಬೇಕು.”

ಅಷ್ಟೇ ಮಾತು. ಇವರು ನಿನ್ನ ಹೆಗಲ ಮೇಲೆ ಕೈಯಿಟ್ಟು, “ಹೋಗ್ಲಿ ಬಿಡಿ ಅತ್ತೆ, ವಯಸ್ಸಾದ್ಮೇಲೆ ಹೀಗೆಲ್ಲ ಆಗುತ್ತೆ” ಎಂದರು. ಬೈದಿದ್ದರೆ ನೀನು ತಿರುಗಿ ಬೈಯುತ್ತಿದ್ದೆ. ಅವರು ಸಮಾಧಾನ ಮಾಡಿದರು, ನೀನು ಕುಗ್ಗಿಹೋದೆ. ಎರಡು ದಿನದ ಮೇಲೆ ಅಣ್ಣ ನಿನ್ನನ್ನು ಕರೆದುಕೊಂಡು ಹೋಗುವಾಗ, ನಾನು ಮಗುವನ್ನು ನಿನ್ನ ಕಡೆ ಚಾಚಿದೆ. ನೀನು ಎರಡೂ ಕೈಗಳನ್ನು ಶಾಲಿನೊಳಗೆ ಹುದುಗಿಸಿಕೊಂಡು, “ಬೇಡ, ನೀನೇ ಹಿಡ್ಕೋ” ಎಂದೆ.

ಗಂಡನಿಗೆ ಹೆದರಿ ಸುಮ್ಮನಾದೆ ಎಂದು ಬರೆದರೆ ನೀನು ನಂಬಿ ಕ್ಷಮಿಸಿಬಿಡುತ್ತೀ. ಅದು ನಿಜವಲ್ಲ. ಅವತ್ತೇ ಹೇಳಿದ್ದರೆ ಇವರು ಕೂಗಾಡುತ್ತಿದ್ದರು, ಆಮೇಲೆ ಸುಮ್ಮನಾಗುತ್ತಿದ್ದರು. ನಾನು ಹೆದರಿದ್ದು ಶನಿವಾರದ ಎರಡು ಗಂಟೆ ಹೋಗುತ್ತದಲ್ಲ ಎಂದು. ಆ ಎರಡು ಗಂಟೆ ಉಳಿಸಿಕೊಳ್ಳಲು ನಿನ್ನ ಬುದ್ಧಿಯನ್ನೇ ಬಲಿಕೊಟ್ಟೆ. ಹೇಗೂ ಅದೂ ಉಳಿಯಲಿಲ್ಲ. ನೀನಿಲ್ಲದೆ ಮಗುವನ್ನು ಯಾರ ಹತ್ತಿರ ಬಿಡಲಿ? ಐದು ವಾರದಿಂದ ನಾನು ಆ ಕಡೆ ಹೋಗಿಲ್ಲ. ಸಿಂಕು ಮೇಷ್ಟ್ರಿಗೆ ಬೆನ್ನುನೋವಿನ ಕಥೆ ಗೊತ್ತಿಲ್ಲ, ಅವರಿಗೆ ನಾನು ಮಗುವಿಗೆ ಜ್ವರ ಎಂದು ಹೇಳಿದ್ದೇನೆ. ಒಂದು ಸುಳ್ಳು ಆ ಮನೆಗೆ, ಒಂದು ಈ ಮನೆಗೆ.

ಮೊನ್ನೆ ಶುಕ್ರವಾರ ಬಚ್ಚಲು ಕಟ್ಟಿಕೊಂಡಿತು. ನೀರು ಹೊಸಿಲಿನ ತನಕ ಬಂತು. ಪ್ಲಂಬರು ಬಂದು, ಉದ್ದನೆಯ ತಂತಿ ಹಾಕಿ ತಿರುವಿ, ಮುಷ್ಟಿಯಷ್ಟು ದೊಡ್ಡ ಬಿಳಿ ಮುದ್ದೆ ಎಳೆದು ತೆಗೆದ. ನಡುವಯಸ್ಸು ದಾಟಿದವನು, ಈ ಬೀದಿಯ ಪೈಪುಗಳೆಲ್ಲ ಅವನಿಗೆ ಅಂಗೈ ರೇಖೆಯಷ್ಟು ಪರಿಚಯ. ಮುದ್ದೆಯನ್ನು ಅಂಗೈಯಲ್ಲಿಟ್ಟು ಒತ್ತಿ ನೋಡಿ, ನನ್ನನ್ನು ಕೆಳಗಿನಿಂದ ಮೇಲೆ ನೋಡಿ ಹೇಳಿದ, “ತಿನ್ನೋ ಹಿಟ್ಟನ್ನ ಯಾಕಮ್ಮಾ ಬಚ್ಚಲಿಗೆ ಸುರೀತೀರಿ?” ಐದು ವಾರ ಕೊಳಚೆ ನೀರಲ್ಲಿ ಕೂತಿದ್ದ ಮಣ್ಣನ್ನು, ಹಗಲು ಬೆಳಕಿನಲ್ಲಿ, ಗಟ್ಟಿ ಕಣ್ಣಿನ ಮನುಷ್ಯ ಹಿಟ್ಟು ಎಂದ. ಅದು ಮಣ್ಣು ಎಂದು ನಾನು ಹೇಳಿದ ಮೇಲೂ ಇನ್ನೊಮ್ಮೆ ಮೂಸಿ ನೋಡಿಯೇ ಒಪ್ಪಿದ. ಡಾಕ್ಟರ ಕಿವಿಯಲ್ಲಿ ಹೇಳಿದ್ದು ಬಿಟ್ಟರೆ, ಆ ಬಚ್ಚಲ ಬಾಗಿಲಲ್ಲಿ ನಿಂತು ನಾನು ಮೊದಲ ಬಾರಿ ಯಾರಿಗೋ ನಿಜ ಹೇಳಿದ್ದು, ಅವನಿಗೆ. ಅವನಿಗೇನು, ಕೂಲಿ ತೆಗೆದುಕೊಂಡು, “ಮಡಕೆ ಮಾಡೋರು ಮಡಕೇಲೇ ಕೈ ತೊಳ್ಕೋಬೇಕು, ಪೈಪಲ್ಲಲ್ಲ” ಎಂದು ಗೊಣಗುತ್ತಾ ಹೋದ.

ನಿನ್ನೆ ಅಣ್ಣ ಫೋನ್ ಮಾಡಿದ. ಗುರುವಾರ ನಿನ್ನನ್ನು ನೆನಪಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾನಂತೆ. ನೀನು ಮರೆತದ್ದನ್ನೆಲ್ಲ ಒಂದು ಪಟ್ಟಿ ಮಾಡಿಕೊಂಡು ಬನ್ನಿ ಎಂದಿದ್ದಾರಂತೆ, ನಿನ್ನ ಕೈಯಿಂದಲೇ ಬರೆಸಿದ್ದಾನಂತೆ, ಇನ್ನೇನಾದರೂ ಸೇರಿಸಬೇಕಾ ನೋಡು ಎಂದು ನನಗೆ ಓದಿ ಹೇಳಿದ. ಮಗುವಿಗೆ ಹಿಟ್ಟಿನ ಬದಲು ಏನೋ ಕೊಟ್ಟಿದ್ದು. ಬಟ್ಟೆಯ ಮೇಲೆ ಚುಕ್ಕಿಗೆರೆ ಹಾಕುವ ಹಲ್ಲಿನ ಗಾಲಿ ಎಲ್ಲಿಟ್ಟೆನೋ ಮರೆತದ್ದು. ಗುಂಡಿಯ ತೂತಿಗೆ ಕಾಜಾ ಹಾಕುವ ದಪ್ಪ ದಾರದ ಉಂಡೆ ಕಳೆದದ್ದು. ಚಿಪ್ಪಿನ ದೊಡ್ಡ ಗುಂಡಿ, ಎಂಟಿದ್ದದ್ದು ಏಳು ಎಂದು ಎಣಿಸಿದ್ದು. ಅಣ್ಣ ಓದುತ್ತಾ ಹೋದ, ನಾನು ಫೋನ್ ಹಿಡಿದೇ ನನ್ನ ಚೀಲ ಬಿಚ್ಚಿದೆ. ಹಲ್ಲಿನ ಗಾಲಿ ನನ್ನ ಚೀಲದಲ್ಲಿದೆ, ಅಮ್ಮಾ. ಹಸಿ ಬಟ್ಟಲಿನ ಅಂಚಿಗೆ ಅದನ್ನು ಉರುಳಿಸಿದರೆ ಹೊಲಿಗೆ ಹಾಕಿದ ಹಾಗೆ ಚುಕ್ಕಿ ಬರುತ್ತದೆಂದು ತೆಗೆದುಕೊಂಡಿದ್ದೆ. ದಪ್ಪ ದಾರದಿಂದ ಮಣ್ಣು ಕತ್ತರಿಸುತ್ತಿದ್ದೆ. ಎಂಟನೇ ಗುಂಡಿಯನ್ನು ಅಚ್ಚಿಗೆಂದು ಒತ್ತಿ ಮೇಷ್ಟ್ರ ಶೆಡ್ಡಿನಲ್ಲೇ ಬಿಟ್ಟು ಬಂದಿದ್ದೇನೆ. ಆ ಪಟ್ಟಿಯಲ್ಲಿ ನೀನು ಮರೆತದ್ದು ಒಂದೂ ಇಲ್ಲ. ಎಲ್ಲ ನಾನು ತೆಗೆದದ್ದು. ನೀನು ಎಣಿಸಿದ್ದು ಸರಿ, ಇಟ್ಟ ಜಾಗ ಸರಿ, ಇತ್ತು ಎಂದದ್ದು ಸರಿ. ಅದು ಹಿಟ್ಟಿನ ಡಬ್ಬಿಯಲ್ಲೇ ಇತ್ತು.

ಇವರಿಗೆ ಈ ಬೆಳಗ್ಗೆ ಹೇಳಿದೆ. ಕೆಲಸಕ್ಕೆ ಕರೆ ಬಂದಿತ್ತು, ಬೂಟಿನ ಲೇಸು ಕಟ್ಟುತ್ತಾ ಕೂತಿದ್ದರು. ಪೂರ್ತಿ ಕೇಳಿದರು. ಕಟ್ಟಿದ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದರು. “ಅತ್ತೆ ಅವತ್ತು ನಾಲಿಗೆಗೆ ಇಟ್ಟು ನೋಡಿದಾಗ ನೀನು ಅಲ್ಲೇ ನಿಂತಿದ್ದೆ, ಅಲ್ವಾ?” ಎಂದಷ್ಟೇ ಕೇಳಿ, ನನ್ನ ಉತ್ತರಕ್ಕೆ ಕಾಯದೆ ಹೋದರು. ಅವತ್ತೇ ಹೇಳಿದ್ದರೆ ಕೂಗಾಡುತ್ತಿದ್ದರು ಎಂದು ಮೇಲೆ ಬರೆದಿದ್ದೇನೆ. ಅದೊಂದು ತಪ್ಪು.

ಅತ್ತಿಗೆ ಹೇಳಿದಳು, ನೀನು ಅವರ ಅಡುಗೆಮನೆಯ ಡಬ್ಬಿಗಳಿಗೆಲ್ಲ ಸಕ್ಕರೆ, ಉಪ್ಪು, ಹಿಟ್ಟು ಎಂದು ಚೀಟಿ ಅಂಟಿಸಿದ್ದೀಯಂತೆ. ಹೊಲಿಗೆ ಮಿಷಿನ್ನಿನ ಬೆಲ್ಟು ಬಿಚ್ಚಿ ಸುತ್ತಿಟ್ಟು, ಯಾರಿಗಾದರೂ ಕೊಟ್ಟುಬಿಡಿ, ಸೂಜಿ ಕೈಗೆ ಚುಚ್ಚಿಕೊಂಡೇನು ಎಂದಿದ್ದೀಯಂತೆ. ಕೊಡಬೇಡ. ಕಾಲಿಗೆ ಬಿದ್ದು ಕೇಳಿಕೊಳ್ಳುತ್ತೇನೆ, ಕೊಡಬೇಡ. ನಿನಗೆಂದು ಒಂದು ಬಟ್ಟಲು ಮಾಡಿದ್ದೆ, ಗುಂಡಿ ಹಾಕಿಡಲು, ಅಂಚಿಗೆ ನಿನ್ನ ಗಾಲಿಯ ಚುಕ್ಕಿ ಇದೆ. ಸುಟ್ಟು ಬಂದಿದೆ, ಸ್ವಲ್ಪ ಸೊಟ್ಟ. ಅದನ್ನು ಈಗ ಕಳಿಸುವುದಿಲ್ಲ, ಲಂಚದ ಹಾಗೆ ಕಾಣುತ್ತದೆ. ನೀನು ಮತ್ತೆ ಈ ಮನೆಗೆ ಬರಬೇಕೆಂದು ಕೇಳುವ ಮುಖ ನನಗಿಲ್ಲ. ನನ್ನನ್ನು ಕ್ಷಮಿಸದಿದ್ದರೂ ನಡೆಯುತ್ತದೆ. ನಿನ್ನ ಮೇಲೆ ನಿನಗೆ ಬಂದಿರುವ ಅನುಮಾನವನ್ನು ಮಾತ್ರ ವಾಪಸು ಕೊಡು, ಅದು ನನ್ನದು.

ತೊಟ್ಟಿಲು ಅಲುಗುತ್ತಿದೆ, ಎದ್ದಳು. ಅಣ್ಣನಿಗೂ ಅತ್ತಿಗೆಗೂ ನನ್ನ ನಮಸ್ಕಾರ. ಇದನ್ನು ಓದಿದ ಮೇಲೂ ಅವರು ತೆಗೆದುಕೊಂಡರೆ. ನಿನ್ನ ಕಣ್ಣು, ಕೈ, ಬುದ್ಧಿ ಮೂರೂ ನೂರು ವರ್ಷ ಹೀಗೇ ಚುರುಕಾಗಿರಲಿ. ಗುಂಡಿಯ ಎರಡು ಹೊಸ ಹಲ್ಲುಗಳಿಂದ ನಿನ್ನ ಬೆರಳಿಗೆ ಒಂದು ಕಚ್ಚು.

ಇಂತಿ,
ಬೆನ್ನು ಗಟ್ಟಿಯಾಗಿಯೇ ಇರುವ
ನಿನ್ನ ಮಗಳು

ತಾ.ಕ.: ಇವರು ಈಗ ಬಂದರು. ಕಾಗದವನ್ನು ನಿಂತೇ ಓದಿದರು, ಇದನ್ನಿಟ್ಟು ಕಳಿಸುವ ಪೊಟ್ಟಣವನ್ನು ತಾವೇ ಇವತ್ತಿನ ಬಸ್ಸಿಗೆ ಹಾಕಿ ಬರುತ್ತಾರಂತೆ, ಬೂಟು ಕೂಡ ಬಿಚ್ಚಿಲ್ಲ, ಬಾಗಿಲಲ್ಲೇ ನಿಂತಿದ್ದಾರೆ. ಬೇಗ ಬರೆಯುತ್ತೇನೆ. ಗುರುವಾರ ಅಣ್ಣನ ಪಟ್ಟಿ ಕೊಡುವ ಮೊದಲು ಡಾಕ್ಟರ ಮೇಜಿನ ಮೇಲೆ ಈ ಕಾಗದ ಇಡು. ಅದಕ್ಕೂ ಮೊದಲು ಒಂದು ಕೆಲಸ. ಪೊಟ್ಟಣದಲ್ಲಿ ಗಾಲಿ, ದಾರದ ಜೊತೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಉಂಡೆ ಇದೆ. ನನ್ನ ಚೀಲದ ತಳದಲ್ಲಿ ಒಣಗಿ ಉಳಿದಿದ್ದ ಚೂರು, ನಿನ್ನೆ ನೆನೆಹಾಕಿ ನಾದಿದೆ. ನೀನೇ ‘ಹಿಟ್ಟು’ ಎಂದು ಚೀಟಿ ಅಂಟಿಸಿದ ಡಬ್ಬಿಯಲ್ಲಿ ಅದನ್ನಿಟ್ಟು ಬಟ್ಟೆ ಮುಚ್ಚು. ಏನೂ ಹೇಳಬೇಡ. ಅಣ್ಣನನ್ನು ಕರೆದು ಮುಚ್ಚಳ ತೆಗೆಸಿ, ಇದೇನೋ ನೋಡು ಮಗನೇ ಎಂದು ಕೇಳು. ಅವನು ಏನು ಹೇಳುತ್ತಾನೋ ಹೇಳಲಿ. ಆಮೇಲೆ ಮಿಷಿನ್ನಿನ ಬೆಲ್ಟನ್ನು ಅವನ ಕೈಯಲ್ಲೇ ಹಾಕಿಸು.